ಗಣಕಜಾಲಗಳ ಮೇಲ್ವಿಚಾರಣೆ ಮತ್ತು ನಿರ್ವಹಣೆ

ಗಣಕಜಾಲಗಳ ಮೇಲ್ವಿಚಾರಣೆ ಮತ್ತು ನಿರ್ವಹಣೆ ಎಂಬುದು ಒಂದು ಸಂಸ್ಥೆಯ ಕಂಪ್ಯೂಟರ್ ಜಾಲದಲ್ಲಿರುವ ಸಾಧನಗಳ ಹಾಗೂ ಅವುಗಳನ್ನು ಜೋಡಿಸುವ ಸಂಪರ್ಕ ಮಾರ್ಗಗಳ ಸ್ಥಿತಿಯನ್ನು ನಿರಂತರವಾಗಿ ಅಳೆಯುವ, ದೋಷಗಳನ್ನು ಪತ್ತೆಹಚ್ಚಿ ಸರಿಪಡಿಸುವ ಮತ್ತು ಅಗತ್ಯಕ್ಕೆ ತಕ್ಕಂತೆ ಜಾಲವನ್ನು ಬದಲಿಸುವ ಕಾರ್ಯಗಳ ಒಟ್ಟು ಹೆಸರು. ಮೇಲ್ವಿಚಾರಣೆ ಎಂದರೆ ಜಾಲದಲ್ಲಿ ಏನು ನಡೆಯುತ್ತಿದೆ ಎಂಬುದನ್ನು ತಿಳಿಯುವುದು. ನಿರ್ವಹಣೆ ಎಂದರೆ ತಿಳಿದುದರ ಆಧಾರದ ಮೇಲೆ ಕ್ರಮ ಕೈಗೊಳ್ಳುವುದು. ಬ್ಯಾಂಕು, ಆಸ್ಪತ್ರೆ, ರೈಲ್ವೆ, ವಿಶ್ವವಿದ್ಯಾಲಯ, ಸರ್ಕಾರಿ ಕಚೇರಿ ಮುಂತಾದೆಡೆಗಳಲ್ಲಿ ದಿನನಿತ್ಯದ ಕೆಲಸವು ಜಾಲವನ್ನೇ ಅವಲಂಬಿಸಿರುವುದರಿಂದ ಈ ಎರಡೂ ಕಾರ್ಯಗಳು ಅನಿವಾರ್ಯವಾಗಿವೆ.

ಈ ಕ್ಷೇತ್ರದಲ್ಲಿ ಮೊದಲಿನಿಂದಲೂ ಇರುವ ಒಂದು ತೊಡಕೆಂದರೆ, ಜಾಲದ ಆರೋಗ್ಯವನ್ನು ವರದಿ ಮಾಡುವ ಸಂದೇಶಗಳು ಸಾಮಾನ್ಯವಾಗಿ ಅದೇ ಜಾಲದ ಮೂಲಕವೇ ಸಾಗಬೇಕು. ಜಾಲ ಕುಸಿದಾಗ ಆ ಕುಸಿತದ ಸುದ್ದಿಯೂ ಅದನ್ನು ಸರಿಪಡಿಸುವ ಆದೇಶವೂ ದಾರಿಯಲ್ಲೇ ನಿಂತುಬಿಡಬಹುದು. ಜಾಲ ನಿರ್ವಹಣೆಯ ಅನೇಕ ವಿಧಾನಗಳನ್ನು ಹಾಗೂ ಪ್ರಸಿದ್ಧ ವೈಫಲ್ಯಗಳನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬಹುದು.

ಅವಶ್ಯಕತೆ

ಸಂಸ್ಥೆಯೊಂದರ ಜಾಲದಲ್ಲಿ ರೌಟರ್, ಸ್ವಿಚ್, ಫೈರ್‌ವಾಲ್, ವೈಫೈ ಸಾಧನ, ಸರ್ವರ್ ಮತ್ತು ಇವುಗಳನ್ನು ಜೋಡಿಸುವ ತಾಮ್ರದ ಇಲ್ಲವೇ ದ್ಯುತಿ ತಂತುಗಳಿರುತ್ತವೆ. ಉದಾಹರಣೆಗೆ, ಒಂದು ಸಹಕಾರಿ ಬ್ಯಾಂಕಿಗೆ ಜಿಲ್ಲಾ ಕೇಂದ್ರದಲ್ಲಿ ಮುಖ್ಯ ಕಚೇರಿಯೂ ತಾಲ್ಲೂಕುಗಳಲ್ಲಿ 20 ಶಾಖೆಗಳೂ ಇವೆ ಎಂದು ಭಾವಿಸೋಣ. ಪ್ರತಿ ಶಾಖೆಯಿಂದ ಮುಖ್ಯ ಕಚೇರಿಗೆ ದೂರಸಂಪರ್ಕ ಸಂಸ್ಥೆಯೊಂದರಿಂದ ಬಾಡಿಗೆಗೆ ಪಡೆದ ಮಾರ್ಗವಿದೆ. ಖಾತೆಗಳ ವಿವರವೆಲ್ಲ ಮುಖ್ಯ ಕಚೇರಿಯ ಸರ್ವರ್‌ನಲ್ಲಿದೆ. ಮಾರ್ಗ ಕಡಿದರೆ ಶಾಖೆಯಲ್ಲಿ ಹಣ ಪಾವತಿ ನಿಲ್ಲುತ್ತದೆ. ಪಿಂಚಣಿ ಪಡೆಯಲು ಹಳ್ಳಿಯಿಂದ ಬಂದವರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ.

ಮಾರ್ಗ ಪೂರ್ತಿ ಕಡಿದಾಗ ಅದು ಎಲ್ಲರಿಗೂ ತಿಳಿಯುತ್ತದೆ. ಆದರೆ ಹೆಚ್ಚಿನ ದೂರುಗಳು ‘ಸಿಸ್ಟಂ ನಿಧಾನವಾಗಿದೆ’ ಎಂಬ ರೂಪದಲ್ಲಿ ಬರುತ್ತವೆ. ಕಾರಣ ಕೇಬಲ್ಲಿನಲ್ಲಿರಬಹುದು, ರೌಟರ್‌ನಲ್ಲಿರಬಹುದು, ಸರ್ವರ್‌ನಲ್ಲಿರಬಹುದು ಅಥವಾ ಬಳಕೆದಾರರ ಕಂಪ್ಯೂಟರಿನಲ್ಲೇ ಇರಬಹುದು. ಅಳತೆಗಳಿಲ್ಲದಿದ್ದರೆ ಪ್ರತಿಯೊಂದು ವಿಭಾಗವೂ ತನ್ನ ಭಾಗ ಸರಿಯಾಗಿದೆ ಎಂದು ಹೇಳುತ್ತದೆ. ದೋಷ ಮಾತ್ರ ಹಾಗೆಯೇ ಉಳಿಯುತ್ತದೆ. ಮೇಲ್ವಿಚಾರಣೆಯ ಮೊದಲ ಪ್ರಯೋಜನವೆಂದರೆ ಊಹೆಯ ಜಾಗದಲ್ಲಿ ಅಳತೆಯನ್ನು ಇರಿಸುವುದು.

ಇತಿಹಾಸ

ಅಂತರಜಾಲದ ಪೂರ್ವರೂಪವಾದ ಆರ್ಪಾನೆಟ್ 1969ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಇಂದಿನ ರೌಟರ್‌ಗಳ ಕೆಲಸವನ್ನು ಅದರಲ್ಲಿ ಐಎಂಪಿ ಎಂಬ ಸಣ್ಣ ಗಣಕಗಳು ಮಾಡುತ್ತಿದ್ದವು. ಇವು ತಮ್ಮ ಸ್ಥಿತಿಯನ್ನು ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಬಿಬಿಎನ್ ಸಂಸ್ಥೆ ನಡೆಸುತ್ತಿದ್ದ ಜಾಲ ನಿಯಂತ್ರಣ ಕೇಂದ್ರಕ್ಕೆ ಕಾಲಕಾಲಕ್ಕೆ ಕಳುಹಿಸುತ್ತಿದ್ದವು. ದೂರದ ಸಾಧನಗಳನ್ನು ಒಂದೇ ಕೇಂದ್ರದಿಂದ ಗಮನಿಸುವ ಈ ಏರ್ಪಾಡೇ ಮುಂದಿನ ಜಾಲ ಕಾರ್ಯಾಚರಣೆ ಕೇಂದ್ರಗಳಿಗೆ ಮಾದರಿಯಾಯಿತು.

1980ರ ಅಕ್ಟೋಬರ್ 27ರಂದು ಆರ್ಪಾನೆಟ್ ಹಲವು ಗಂಟೆಗಳ ಕಾಲ ಸ್ಥಗಿತಗೊಂಡಿತು. ಐಎಂಪಿಗಳು ತಮ್ಮ ಮಾರ್ಗಗಳ ಸ್ಥಿತಿಯನ್ನು ಪರಸ್ಪರ ತಿಳಿಸುತ್ತಿದ್ದ ಸಂದೇಶಗಳಲ್ಲಿ ಒಂದು ಕ್ರಮಸಂಖ್ಯೆ ಇರುತ್ತಿತ್ತು. ಯಂತ್ರದೋಷದಿಂದ ಬಿಟ್‌ಗಳು ಕಳೆದುಹೋಗಿ ಒಂದೇ ಐಎಂಪಿಯ ಹೆಸರಿನಲ್ಲಿ 44, 40 ಮತ್ತು 8 ಎಂಬ ಕ್ರಮಸಂಖ್ಯೆಗಳುಳ್ಳ ಮೂರು ಸಂದೇಶಗಳು ಜಾಲದಲ್ಲಿ ಹರಡಿದವು. ಎಣಿಕೆಯು 63ರ ನಂತರ ಮತ್ತೆ 0ಗೆ ಮರಳುವ ಸುತ್ತಿನ ಎಣಿಕೆಯಾಗಿದ್ದುದರಿಂದ 40ಕ್ಕಿಂತ 44 ಹೊಸದು, 8ಕ್ಕಿಂತ 40 ಹೊಸದು, 44ಕ್ಕಿಂತ 8 ಹೊಸದು ಎಂದು ಐಎಂಪಿಗಳು ಲೆಕ್ಕ ಹಾಕಿದವು. ಮೂರೂ ಸಂದೇಶಗಳು ಒಂದನ್ನೊಂದು ಅಟ್ಟುತ್ತ ಕೊನೆಯಿಲ್ಲದೆ ಸುತ್ತಿ, ಉಳಿದ ಕೆಲಸಗಳಿಗೆ ಅವಕಾಶವಿಲ್ಲದಂತೆ ಮಾಡಿದವು. ಆ ಐಎಂಪಿಯಿಂದ ಬರುವ ಸಂದೇಶಗಳನ್ನು ಕಡೆಗಣಿಸುವಂತೆ ಉಳಿದವುಗಳ ತಂತ್ರಾಂಶವನ್ನು ತಿದ್ದಿದ ಮೇಲಷ್ಟೇ ಜಾಲ ಚೇತರಿಸಿಕೊಂಡಿತು. ಬಿಬಿಎನ್‌ನ ಎರಿಕ್ ರೋಸೆನ್ 1981ರಲ್ಲಿ ಈ ಘಟನೆಯ ವಿಶ್ಲೇಷಣೆಯನ್ನು ಪ್ರಕಟಿಸಿದರು. ಜಾಲದ ಸ್ಥಿತಿಯನ್ನು ತಿಳಿಸಲೆಂದು ಇದ್ದ ಸಂದೇಶಗಳೇ ಜಾಲವನ್ನು ನಿಲ್ಲಿಸಿದ್ದು ಈ ಘಟನೆಯ ವಿಶೇಷ.

1983ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯದಲ್ಲಿದ್ದ ಮೈಕ್ ಮ್ಯೂಸ್ ಪಿಂಗ್ ಎಂಬ ಪುಟ್ಟ ತಂತ್ರಾಂಶವನ್ನು ಬರೆದರು. ಜಲಾಂತರ್ಗಾಮಿಗಳು ಶಬ್ದದ ಮಾರ್ದನಿಯಿಂದ ದೂರವನ್ನು ಅಳೆಯುವ ಸೋನಾರ್ ಇದರ ಹೆಸರಿಗೆ ಮೂಲ. 1980ರ ದಶಕದ ಕೊನೆಯಲ್ಲಿ ವ್ಯಾನ್ ಜೇಕಬ್‌ಸನ್ ಟ್ರೇಸ್‌ರೂಟ್ ಎಂಬ ಇನ್ನೊಂದು ಸಾಧನವನ್ನು ರಚಿಸಿದರು. ಇವೆರಡೂ ಇಂದಿಗೂ ಬಳಕೆಯಲ್ಲಿವೆ.

ಅಂತರಜಾಲಕ್ಕೆ ಸೇರುವ ಸಂಸ್ಥೆಗಳು ಹೆಚ್ಚಿದಂತೆ, ಬೇರೆ ಬೇರೆ ತಯಾರಕರ ಸಾಧನಗಳನ್ನು ಒಂದೇ ಭಾಷೆಯಲ್ಲಿ ಪ್ರಶ್ನಿಸುವ ವಿಧಾನ ಬೇಕಾಯಿತು. 1987ರಲ್ಲಿ ಜೆಫ್ರಿ ಕೇಸ್, ಜೇಮ್ಸ್ ಡೇವಿನ್, ಮಾರ್ಕ್ ಫೆಡರ್ ಮತ್ತು ಮಾರ್ಟಿನ್ ಶಾಫ್‌ಸ್ಟಾಲ್ ಎಸ್‌ಜಿಎಂಪಿ ಎಂಬ ಪ್ರೋಟೋಕಾಲನ್ನು ರೂಪಿಸಿದರು. ಅದರ ಮುಂದುವರಿದ ರೂಪವಾದ ಎಸ್‌ಎನ್‌ಎಂಪಿ, ಅಂದರೆ ಸರಳ ಜಾಲ ನಿರ್ವಹಣಾ ಪ್ರೋಟೋಕಾಲ್, 1988ರಲ್ಲಿ ಪ್ರಕಟವಾಯಿತು. ಅಂದಿನ ನಿರ್ಧಾರದಂತೆ ಅದು ತಾತ್ಕಾಲಿಕ ಏರ್ಪಾಡಾಗಿತ್ತು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಹೆಚ್ಚು ವಿಸ್ತಾರವಾದ ಸಿಎಂಐಪಿ ಎಂಬ ಪ್ರೋಟೋಕಾಲ್ ದೀರ್ಘಕಾಲದಲ್ಲಿ ಅದರ ಜಾಗಕ್ಕೆ ಬರಬೇಕಿತ್ತು. ಸಿಎಂಐಪಿ ದೂರಸಂಪರ್ಕ ಕ್ಷೇತ್ರದಲ್ಲಿ ಬಳಕೆಗೆ ಬಂದಿತಾದರೂ ಸಂಸ್ಥೆಗಳ ಜಾಲಗಳಲ್ಲಿ ನೆಲೆಯೂರಲಿಲ್ಲ. ಸಣ್ಣ ಸಾಧನಗಳಲ್ಲೂ ಸುಲಭವಾಗಿ ಅಳವಡಿಸಬಹುದಾಗಿದ್ದ ಎಸ್‌ಎನ್‌ಎಂಪಿಯೇ ಉಳಿದುಕೊಂಡಿತು.

1995ರಲ್ಲಿ ಟೋಬಿಯಸ್ ಓಟಿಕರ್ ಎಂಆರ್‌ಟಿಜಿ ಎಂಬ ಮುಕ್ತ ತಂತ್ರಾಂಶವನ್ನು ಬಿಡುಗಡೆ ಮಾಡಿದರು. ತಾವು ಕೆಲಸ ಮಾಡುತ್ತಿದ್ದ ಸಂಸ್ಥೆಗೆ ಹೊರಜಗತ್ತಿನೊಡನೆ ಇದ್ದ ಸೆಕೆಂಡಿಗೆ 64 ಕಿಲೋಬಿಟ್‌ನ ಒಂದೇ ಒಂದು ಮಾರ್ಗದ ಬಳಕೆಯನ್ನು ರೇಖಾಚಿತ್ರದಲ್ಲಿ ತೋರಿಸಲು ಅವರು ಅದನ್ನು ಬರೆದಿದ್ದರು. 1999ರಲ್ಲಿ ಈಥನ್ ಗ್ಯಾಲ್‌ಸ್ಟಾಡ್ ನೆಟ್‌ಸೇಂಟ್ ಎಂಬ ತಂತ್ರಾಂಶವನ್ನು ಹೊರತಂದರು. ಅದು 2002ರಿಂದ ನೇಜಿಯೋಸ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಜ್ಯಾಬಿಕ್ಸ್, ಪ್ರೊಮಿಥಿಯಸ್ ಮುಂತಾದ ಮುಕ್ತ ತಂತ್ರಾಂಶಗಳು ನಂತರ ಬಂದವು.

ನಿರ್ವಹಣೆಯ ಐದು ಅಂಗಗಳು

ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1989ರಲ್ಲಿ ಪ್ರಕಟಿಸಿದ ನಿರ್ವಹಣಾ ಚೌಕಟ್ಟಿನಲ್ಲಿ ಜಾಲ ನಿರ್ವಹಣೆಯನ್ನು ಐದು ಅಂಗಗಳಾಗಿ ವಿಂಗಡಿಸಿದೆ. ಇವುಗಳ ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರಗಳಿಂದ ಎಫ್‌ಸಿಎಪಿಎಸ್ ಎಂಬ ಸಂಕ್ಷೇಪ ಬಂದಿದೆ.

1. ದೋಷ ನಿರ್ವಹಣೆ: ಕೆಟ್ಟಿರುವುದನ್ನು ಪತ್ತೆಹಚ್ಚುವುದು, ಮೂಲ ಕಾರಣವನ್ನು ಗುರುತಿಸುವುದು ಮತ್ತು ಸರಿಪಡಿಸುವುದು.
2. ಸಂರಚನಾ ನಿರ್ವಹಣೆ: ಯಾವ ಸಾಧನ ಎಲ್ಲಿದೆ, ಅದರ ತಂತ್ರಾಂಶದ ಆವೃತ್ತಿ ಯಾವುದು, ಅದಕ್ಕೆ ಯಾವ ಸೂಚನೆಗಳನ್ನು ನೀಡಲಾಗಿದೆ ಎಂಬುದರ ದಾಖಲೆ ಇಡುವುದು.
3. ಲೆಕ್ಕ ನಿರ್ವಹಣೆ: ಯಾವ ವಿಭಾಗ ಅಥವಾ ಬಳಕೆದಾರರು ಜಾಲವನ್ನು ಎಷ್ಟು ಬಳಸಿದರು ಎಂಬುದರ ಲೆಕ್ಕ.
4. ಸಾಮರ್ಥ್ಯ ನಿರ್ವಹಣೆ: ವೇಗ, ವಿಳಂಬ, ಪ್ಯಾಕೆಟ್ ನಷ್ಟ ಮುಂತಾದವನ್ನು ಅಳೆದು, ಮುಂದೆ ಎಷ್ಟು ಬ್ಯಾಂಡ್‌ವಿಡ್ತ್ ಬೇಕಾಗುತ್ತದೆ ಎಂದು ಅಂದಾಜಿಸುವುದು.
5. ಭದ್ರತಾ ನಿರ್ವಹಣೆ: ಜಾಲವನ್ನು ಯಾರು ಪ್ರವೇಶಿಸಬಹುದು ಎಂಬುದನ್ನು ನಿಯಂತ್ರಿಸುವುದು ಮತ್ತು ಅಸಹಜ ಚಟುವಟಿಕೆಗಳನ್ನು ಗುರುತಿಸುವುದು.

ಈ ಅಂಗಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಸಂರಚನೆಯ ದಾಖಲೆ ಇಲ್ಲದಿದ್ದರೆ ದೋಷದ ಹುಡುಕಾಟ ಕಷ್ಟ. ಸಾಮಾನ್ಯ ದಿನದ ಬಳಕೆ ಎಷ್ಟೆಂದು ತಿಳಿಯದಿದ್ದರೆ ಅಸಹಜವಾದುದನ್ನು ಗುರುತಿಸಲಾಗದು.

ಮಾಹಿತಿ ಸಂಗ್ರಹದ ವಿಧಾನಗಳು

ಪಿಂಗ್ ಮತ್ತು ಟ್ರೇಸ್‌ರೂಟ್: ಪಿಂಗ್ ದೂರದ ಸಾಧನಕ್ಕೆ ಒಂದು ಚಿಕ್ಕ ಪ್ಯಾಕೆಟ್ ಕಳುಹಿಸಿ ಉತ್ತರಕ್ಕಾಗಿ ಕಾಯುತ್ತದೆ. ಉತ್ತರ ಬಂದಿತೇ, ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂಬ ಎರಡು ಸಂಗತಿಗಳನ್ನು ಅದು ತಿಳಿಸುತ್ತದೆ. ಟ್ರೇಸ್‌ರೂಟ್ ಪ್ಯಾಕೆಟ್ ಹಾದುಹೋಗುವ ರೌಟರ್‌ಗಳನ್ನು ಒಂದೊಂದಾಗಿ ತೋರಿಸುತ್ತದೆ. ಪಿಂಗ್‌ಗೆ ಉತ್ತರ ಬಂದ ಮಾತ್ರಕ್ಕೆ ಸೇವೆ ನಡೆಯುತ್ತಿದೆ ಎಂದರ್ಥವಲ್ಲ. ಸರ್ವರ್ ಜೀವಂತವಾಗಿದ್ದು ಅದರ ಮೇಲಿನ ದತ್ತಸಂಚಯ ತಂತ್ರಾಂಶ ನಿಂತುಹೋಗಿರಬಹುದು. ಆದ್ದರಿಂದ ಬಳಕೆದಾರರಂತೆಯೇ ಸೇವೆಯನ್ನು ಬಳಸಿ ನೋಡುವ ಪರೀಕ್ಷೆಗಳೂ ಬೇಕಾಗುತ್ತವೆ.

ಎಸ್‌ಎನ್‌ಎಂಪಿ: ಇದರಲ್ಲಿ ಪ್ರತಿ ಸಾಧನದೊಳಗೆ ಏಜೆಂಟ್ ಎಂಬ ತಂತ್ರಾಂಶವಿರುತ್ತದೆ. ಕೇಂದ್ರದಲ್ಲಿರುವ ಮ್ಯಾನೇಜರ್ ತಂತ್ರಾಂಶವು ಏಜೆಂಟ್‌ಗೆ ಯುಡಿಪಿ ಪೋರ್ಟ್ 161ರ ಮೂಲಕ ಪ್ರಶ್ನೆ ಕಳುಹಿಸಿ ಉತ್ತರ ಪಡೆಯುತ್ತದೆ. ಯಾವ ಸಂಗತಿಗಳನ್ನು ಕೇಳಬಹುದು ಎಂಬುದನ್ನು ಎಂಐಬಿ ಎಂಬ ಪಟ್ಟಿ ನಿರೂಪಿಸುತ್ತದೆ. ಪಟ್ಟಿಯ ಪ್ರತಿಯೊಂದು ಅಂಶಕ್ಕೂ ಮರದ ಕೊಂಬೆಗಳಂತೆ ಕವಲೊಡೆಯುವ ಸಂಖ್ಯೆಗಳ ಸಾಲೊಂದು ವಿಳಾಸವಾಗಿರುತ್ತದೆ. 1.3.6.1.2.1.1.3 ಎಂಬ ವಿಳಾಸದಲ್ಲಿ ಸಾಧನದ ನಿರ್ವಹಣಾ ಭಾಗ ಆರಂಭವಾಗಿ ಎಷ್ಟು ಕಾಲವಾಯಿತು ಎಂಬ ಮಾಹಿತಿ ಸಿಗುತ್ತದೆ. ತುರ್ತು ಸಂದರ್ಭದಲ್ಲಿ ಏಜೆಂಟ್ ಪ್ರಶ್ನೆಗೆ ಕಾಯದೆ ತಾನಾಗಿಯೇ ಪೋರ್ಟ್ 162ಕ್ಕೆ ಟ್ರ್ಯಾಪ್ ಎಂಬ ಸಂದೇಶ ಕಳುಹಿಸುತ್ತದೆ. ಯುಡಿಪಿಯಲ್ಲಿ ಸಂದೇಶ ತಲುಪಿದ ಖಾತರಿ ಇರುವುದಿಲ್ಲವಾದ್ದರಿಂದ ಟ್ರ್ಯಾಪ್ ದಾರಿಯಲ್ಲಿ ಕಳೆದುಹೋಗಬಹುದು. ಇದನ್ನು ಸರಿಪಡಿಸಲು ಎರಡನೆಯ ಆವೃತ್ತಿಯಲ್ಲಿ ಸ್ವೀಕೃತಿಯನ್ನು ಬೇಡುವ ಇನ್‌ಫಾರ್ಮ್ ಎಂಬ ಸಂದೇಶವನ್ನು ಸೇರಿಸಲಾಯಿತು.

ಸಿಸ್‌ಲಾಗ್: 1980ರ ದಶಕದಲ್ಲಿ ಎರಿಕ್ ಆಲ್‌ಮನ್ ಸೆಂಡ್‌ಮೇಲ್ ಯೋಜನೆಯ ಭಾಗವಾಗಿ ರೂಪಿಸಿದ ವ್ಯವಸ್ಥೆ ಇದು. ಸಾಧನಗಳು ತಮ್ಮಲ್ಲಿ ನಡೆದ ಘಟನೆಗಳನ್ನು ಸಾಲುಸಾಲಾಗಿ ಬರೆದು ಕೇಂದ್ರ ಸರ್ವರ್‌ಗೆ ಕಳುಹಿಸುತ್ತವೆ. ಪ್ರತಿ ಸಾಲಿಗೂ 0ಯಿಂದ 7ರವರೆಗಿನ ತೀವ್ರತೆಯ ಅಂಕ ಇರುತ್ತದೆ. 0 ಅತ್ಯಂತ ತುರ್ತಿನದು, 7 ತಂತ್ರಾಂಶ ಪರೀಕ್ಷೆಗೆ ಮಾತ್ರ ಬೇಕಾದುದು.

ಹರಿವಿನ ದಾಖಲೆಗಳು: ಒಂದು ಮಾರ್ಗದಲ್ಲಿ ಎಷ್ಟು ದತ್ತಾಂಶ ಹರಿಯಿತು ಎಂಬುದನ್ನು ಎಸ್‌ಎನ್‌ಎಂಪಿ ತಿಳಿಸುತ್ತದೆ, ಅದು ಯಾರಿಂದ ಯಾರಿಗೆ ಹರಿಯಿತು ಎಂಬುದನ್ನು ಸಾಮಾನ್ಯವಾಗಿ ತಿಳಿಸುವುದಿಲ್ಲ. ಈ ಕೊರತೆಯನ್ನು 1990ರ ದಶಕದಲ್ಲಿ ಸಿಸ್ಕೊ ಸಂಸ್ಥೆ ಪರಿಚಯಿಸಿದ ನೆಟ್‌ಫ್ಲೋ ತುಂಬಿತು. ಕಳುಹಿಸಿದವರ ಮತ್ತು ಸ್ವೀಕರಿಸಿದವರ ಐಪಿ ವಿಳಾಸ, ಪೋರ್ಟ್ ಸಂಖ್ಯೆ, ಸಮಯ, ಬೈಟ್‌ಗಳ ಮೊತ್ತ ಇತ್ಯಾದಿಗಳು ಇದರಲ್ಲಿ ದಾಖಲಾಗುತ್ತವೆ. ಇದೇ ತತ್ವದ ಮೇಲೆ ಐಪಿಫಿಕ್ಸ್ ಎಂಬ ಮುಕ್ತ ಮಾನಕವೂ ರೂಪುಗೊಂಡಿದೆ. ಇದು ದೂರವಾಣಿ ಬಿಲ್ಲಿನಂತೆ: ಯಾವ ಸಂಖ್ಯೆಗೆ ಎಷ್ಟು ಹೊತ್ತು ಕರೆ ಮಾಡಲಾಯಿತು ಎಂಬುದು ತಿಳಿಯುತ್ತದೆ, ಮಾತನಾಡಿದ ವಿಷಯ ತಿಳಿಯುವುದಿಲ್ಲ.

ಟೆಲಿಮೆಟ್ರಿ: ಸಾವಿರಾರು ಸಾಧನಗಳನ್ನು ಪದೇ ಪದೇ ಪ್ರಶ್ನಿಸುವುದು ದೊಡ್ಡ ಜಾಲಗಳಲ್ಲಿ ಭಾರವಾಗುತ್ತದೆ. ಆದ್ದರಿಂದ ಸಾಧನಗಳೇ ನಿಗದಿತ ಅವಧಿಗೊಮ್ಮೆ, ಕೆಲವೊಮ್ಮೆ ಕೆಲವೇ ಸೆಕೆಂಡುಗಳಿಗೊಮ್ಮೆ, ಅಳತೆಗಳನ್ನು ಕಳುಹಿಸುತ್ತಿರುವ ವಿಧಾನ ಬಳಕೆಗೆ ಬಂದಿದೆ.

ಅಳತೆಗಳನ್ನು ಓದುವ ಬಗೆ

ಸಂಗ್ರಹಿಸಿದ ಅಂಕಿಗಳು ಸರಿಯಾಗಿದ್ದರೂ ಅವುಗಳ ಅರ್ಥ ತಪ್ಪಾಗಬಹುದು. ಇದಕ್ಕೆ ಮೂರು ಉದಾಹರಣೆಗಳನ್ನು ನೋಡಬಹುದು.

ಮೊದಲನೆಯದು ಎಣಿಕೆಯ ಸುತ್ತು. ಒಂದು ಪೋರ್ಟಿನ ಮೂಲಕ ಹಾದುಹೋದ ಬೈಟ್‌ಗಳನ್ನು ಸಾಧನವು ವಾಹನದ ಕಿಲೋಮೀಟರ್ ಮಾಪಕದಂತೆ ಎಣಿಸುತ್ತ ಹೋಗುತ್ತದೆ. ಮ್ಯಾನೇಜರ್ ತಂತ್ರಾಂಶವು ಎರಡು ಓದುಗಳ ವ್ಯತ್ಯಾಸವನ್ನು ಸಮಯದಿಂದ ಭಾಗಿಸಿ ವೇಗವನ್ನು ಲೆಕ್ಕ ಹಾಕುತ್ತದೆ. ಹಳೆಯ ಎಣಿಕೆಗಳು 32 ಬಿಟ್‌ನವು. ಅವು ಸುಮಾರು 429 ಕೋಟಿಯನ್ನು ದಾಟಿದೊಡನೆ ಮತ್ತೆ ಸೊನ್ನೆಯಿಂದ ಆರಂಭವಾಗುತ್ತವೆ. ಸೆಕೆಂಡಿಗೆ 100 ಮೆಗಾಬಿಟ್‌ನ ಮಾರ್ಗ ಪೂರ್ತಿ ತುಂಬಿ ಹರಿದರೆ ಈ ಸುತ್ತು 5.7 ನಿಮಿಷಗಳಲ್ಲಿ ಮುಗಿಯುತ್ತದೆ. 1 ಗಿಗಾಬಿಟ್‌ನ ಮಾರ್ಗದಲ್ಲಿ ಕೇವಲ 34 ಸೆಕೆಂಡುಗಳಲ್ಲಿ. ಐದು ನಿಮಿಷಕ್ಕೊಮ್ಮೆ ಓದುವ ವ್ಯವಸ್ಥೆಗೆ ನಡುವೆ ಎಷ್ಟು ಸುತ್ತುಗಳಾದವು ಎಂಬುದು ತಿಳಿಯುವುದೇ ಇಲ್ಲ. ಇದರಿಂದ ಅತಿ ಹೆಚ್ಚು ಬಳಕೆಯಲ್ಲಿರುವ ಮಾರ್ಗವೇ ಖಾಲಿಯಿರುವಂತೆ ಕಾಣಬಹುದು. ಈ ಕಾರಣದಿಂದ ವೇಗದ ಮಾರ್ಗಗಳಿಗೆ 64 ಬಿಟ್ ಎಣಿಕೆಗಳನ್ನು ಬಳಸಬೇಕು. ಸಾಧನದ ಚಾಲನಾ ಕಾಲವನ್ನು ಸೆಕೆಂಡಿನ ನೂರನೆಯ ಭಾಗಗಳಲ್ಲಿ ಎಣಿಸುವ 32 ಬಿಟ್ ಎಣಿಕೆಯೂ ಹೀಗೆಯೇ 497 ದಿನಗಳಿಗೊಮ್ಮೆ ಸೊನ್ನೆಗೆ ಮರಳುತ್ತದೆ. ಅದನ್ನು ಸಾಧನ ಮರುಚಾಲನೆಗೊಂಡಿದೆ ಎಂದು ತಪ್ಪಾಗಿ ತಿಳಿಯಬಾರದು.

ಎರಡನೆಯದು ಸರಾಸರಿ. ಐದು ನಿಮಿಷಗಳಲ್ಲಿ 30 ಸೆಕೆಂಡು ಮಾರ್ಗ ಶೇಕಡ 100ರಷ್ಟು ತುಂಬಿ, ಉಳಿದ 270 ಸೆಕೆಂಡು ಶೇಕಡ 20ರಷ್ಟು ಮಾತ್ರ ಬಳಕೆಯಾದರೆ ಸರಾಸರಿ ಶೇಕಡ 28 ಬರುತ್ತದೆ. ರೇಖಾಚಿತ್ರವನ್ನು ನೋಡಿದವರಿಗೆ ಮಾರ್ಗದಲ್ಲಿ ಸಾಕಷ್ಟು ಜಾಗವಿದೆ ಎನಿಸುತ್ತದೆ. ಆದರೆ ಆ 30 ಸೆಕೆಂಡುಗಳಲ್ಲಿ ಕೆಲಸ ಮಾಡುತ್ತಿದ್ದವರ ಪಾಲಿಗೆ ಜಾಲ ನಿಂತಂತೆಯೇ ಸರಿ. ಆದ್ದರಿಂದ ಸರಾಸರಿಯ ಜೊತೆಗೆ ಗರಿಷ್ಠ ಮೌಲ್ಯವನ್ನೂ ತಿರಸ್ಕೃತ ಪ್ಯಾಕೆಟ್‌ಗಳ ಎಣಿಕೆಯನ್ನೂ ನೋಡಬೇಕು.

ಮೂರನೆಯದು ಲಭ್ಯತೆಯ ಶೇಕಡಾವಾರು. ‘ಶೇಕಡ 99.9ರಷ್ಟು ಲಭ್ಯತೆ’ ಎಂಬ ಮಾತು ದೋಷರಹಿತವೆಂಬಂತೆ ಕೇಳಿಸುತ್ತದೆ. ವರ್ಷದ ಲೆಕ್ಕದಲ್ಲಿ ಅದು ಸುಮಾರು 8 ಗಂಟೆ 45 ನಿಮಿಷಗಳ ಸ್ಥಗಿತಕ್ಕೆ ಸಮ. ಶೇಕಡ 99.99 ಎಂದರೆ ಸುಮಾರು 53 ನಿಮಿಷ. ಈ ಸ್ಥಗಿತ ರಾತ್ರಿ ಸಂಭವಿಸಿತೇ ಅಥವಾ ಪಿಂಚಣಿ ವಿತರಣೆಯ ದಿನವೇ ಸಂಭವಿಸಿತೇ ಎಂಬುದನ್ನು ಶೇಕಡಾವಾರು ಹೇಳುವುದಿಲ್ಲ.

ದೋಷ ಪತ್ತೆ ಮತ್ತು ಎಚ್ಚರಿಕೆ ಸಂದೇಶಗಳು

ಮೇಲೆ ಹೇಳಿದ ಬ್ಯಾಂಕಿನ ಒಂದು ಶಾಖೆಯಿಂದ ಪ್ರತಿದಿನ ಮಧ್ಯಾಹ್ನ ನಿಧಾನಗತಿಯ ದೂರು ಬರುತ್ತಿದೆ ಎಂದುಕೊಳ್ಳೋಣ. ಶಾಖೆಯ ಮಾರ್ಗದ ವೇಗ ಸೆಕೆಂಡಿಗೆ 10 ಮೆಗಾಬಿಟ್. ಪಿಂಗ್ ಪರೀಕ್ಷೆಯಲ್ಲಿ ಉತ್ತರ ಬರುತ್ತಿದೆ, ಆದರೆ ಬೆಳಿಗ್ಗೆ 20 ಮಿಲಿಸೆಕೆಂಡ್ ಇದ್ದ ವಿಳಂಬ ಮಧ್ಯಾಹ್ನ 420ಕ್ಕೆ ಏರಿದೆ. ಮಾರ್ಗ ಕಡಿದಿಲ್ಲ, ಎಲ್ಲೋ ಪ್ಯಾಕೆಟ್‌ಗಳು ಸಾಲುಗಟ್ಟಿ ನಿಂತಿವೆ ಎಂದು ಇದರಿಂದ ತಿಳಿಯುತ್ತದೆ. ರೌಟರ್‌ನಲ್ಲಿ 5 ಲಕ್ಷ ಬೈಟ್‌ಗಳ, ಅಂದರೆ 40 ಲಕ್ಷ ಬಿಟ್‌ಗಳ ಸಾಲು ನಿಂತರೆ, ಈ ಮಾರ್ಗದಲ್ಲಿ ಅದು ಕರಗಲು 0.4 ಸೆಕೆಂಡ್ ಬೇಕು. ಹೆಚ್ಚಿದ ವಿಳಂಬವೂ ಅಷ್ಟೇ ಇದೆ. ಎಸ್‌ಎನ್‌ಎಂಪಿ ಎಣಿಕೆಯು ಶಾಖೆಯಿಂದ ಹೊರಹೋಗುವ ದಿಕ್ಕು ತುಂಬಿರುವುದನ್ನು ತೋರಿಸುತ್ತದೆ. ಹರಿವಿನ ದಾಖಲೆಯು ಅದರ ಬಹುಪಾಲು ಸಿಸಿಟಿವಿ ದೃಶ್ಯಗಳನ್ನು ಮುಖ್ಯ ಕಚೇರಿಗೆ ನಕಲಿಸುವ ಒಂದೇ ಯಂತ್ರದಿಂದ ಬರುತ್ತಿದೆ ಎಂದು ತಿಳಿಸುತ್ತದೆ. ನಕಲು ಮಾಡುವ ಸಮಯವನ್ನು ರಾತ್ರಿಗೆ ಬದಲಿಸಿದರೆ ಅಥವಾ ಬ್ಯಾಂಕಿಂಗ್ ಪ್ಯಾಕೆಟ್‌ಗಳಿಗೆ ಆದ್ಯತೆ ನೀಡಿದರೆ ಸಮಸ್ಯೆ ಬಗೆಹರಿಯುತ್ತದೆ. ಹೆಚ್ಚಿನ ವೇಗದ ಮಾರ್ಗಕ್ಕೆ ಹಣ ತೆರುವ ಅಗತ್ಯ ಬೀಳುವುದಿಲ್ಲ. ಇಲ್ಲಿ ಮೂರು ವಿಧಾನಗಳೂ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರಿಸಿರುವುದನ್ನು ಗಮನಿಸಬೇಕು.

ಎಲ್ಲ ಅಳತೆಗಳನ್ನೂ ಮನುಷ್ಯರು ಕುಳಿತು ನೋಡುವುದು ಅಸಾಧ್ಯ. ಆದುದರಿಂದ ಮೌಲ್ಯವೊಂದು ನಿಗದಿತ ಮಿತಿಯನ್ನು ಮೀರಿದಾಗ ಎಚ್ಚರಿಕೆ ಸಂದೇಶ ಕಳುಹಿಸುವ ಏರ್ಪಾಡು ಇರುತ್ತದೆ. ಮಿತಿಯನ್ನು ತೀರ ಕೆಳಗಿಟ್ಟರೆ ದಿನಕ್ಕೆ ನೂರಾರು ಸಂದೇಶಗಳು ಬರುತ್ತವೆ. ಸಿಬ್ಬಂದಿ ಅವುಗಳನ್ನು ಓದದೆ ಅಳಿಸಲು ಆರಂಭಿಸುತ್ತಾರೆ. ನಿಜವಾದ ಅಪಾಯದ ಸೂಚನೆ ಆ ರಾಶಿಯಲ್ಲಿ ಮುಚ್ಚಿಹೋಗುತ್ತದೆ. ಸಂದೇಶವನ್ನು ಪಡೆದವರು ಕೂಡಲೇ ಕೈಗೊಳ್ಳಬೇಕಾದ ಕ್ರಮವೊಂದು ಇರುವಂತಿದ್ದರೆ ಮಾತ್ರ ಅದನ್ನು ಕಳುಹಿಸಬೇಕು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ನಿಯಮ.

ಅವಲಂಬನೆಯನ್ನು ಗುರುತಿಸುವುದೂ ಮುಖ್ಯ. ಮುಖ್ಯ ಕಚೇರಿಯ ರೌಟರ್ ಕೆಟ್ಟರೆ 20 ಶಾಖೆಗಳೂ ಒಟ್ಟಿಗೆ ಕಾಣದಾಗುತ್ತವೆ. ಯಾವ ಸಾಧನದ ಹಿಂದೆ ಯಾವುದಿದೆ ಎಂಬ ನಕ್ಷೆ ಮೇಲ್ವಿಚಾರಣಾ ತಂತ್ರಾಂಶಕ್ಕೆ ತಿಳಿದಿದ್ದರೆ ಅದು ರೌಟರ್ ಕೆಟ್ಟಿದೆ ಎಂಬ ಒಂದೇ ಸಂದೇಶ ಕಳುಹಿಸುತ್ತದೆ; ತಿಳಿಯದಿದ್ದರೆ 21 ಸಂದೇಶಗಳು ಬರುತ್ತವೆ. ಕರ್ನಾಟಕ ಸರ್ಕಾರದ ಕೆಸ್ವಾನ್‌ನಂತೆ ರಾಜ್ಯ, ಜಿಲ್ಲೆ, ತಾಲ್ಲೂಕು ಎಂಬ ಹಂತಗಳಲ್ಲಿ ಕಚೇರಿಗಳನ್ನು ಜೋಡಿಸುವ ಜಾಲಗಳಲ್ಲಿ ಈ ನಕ್ಷೆಯ ಮಹತ್ವ ಇನ್ನೂ ಹೆಚ್ಚು.

ಸಂರಚನೆ ಮತ್ತು ಬದಲಾವಣೆಯ ನಿಯಂತ್ರಣ

ಸಾಧನಗಳು ಕೆಡುವುದರಿಂದ ಮಾತ್ರವಲ್ಲದೆ, ಸಾಧನಗಳಿಗೆ ತಪ್ಪು ಸೂಚನೆ ನೀಡುವುದರಿಂದಲೂ ಜಾಲಗಳು ಸ್ಥಗಿತಗೊಳ್ಳುತ್ತವೆ. ಆದ್ದರಿಂದ ಪ್ರತಿ ಬದಲಾವಣೆಗೂ ಮೊದಲು ಹಳೆಯ ಸಂರಚನೆಯ ಪ್ರತಿಯನ್ನು ಉಳಿಸಿಕೊಳ್ಳುವುದು, ಬದಲಾವಣೆಯನ್ನು ಇನ್ನೊಬ್ಬರು ಪರಿಶೀಲಿಸುವುದು, ವಿಫಲವಾದರೆ ಹಿಂದಿನ ಸ್ಥಿತಿಗೆ ಮರಳುವ ಕ್ರಮವನ್ನು ಮೊದಲೇ ಬರೆದಿಡುವುದು ರೂಢಿಯಲ್ಲಿದೆ.

ಎಸ್‌ಎನ್‌ಎಂಪಿಯಲ್ಲಿ ಮೌಲ್ಯವನ್ನು ಬದಲಿಸುವ ಆದೇಶವೂ ಇದೆ. ಆದರೂ ಅದು ಹೆಚ್ಚಾಗಿ ಓದಲು ಮಾತ್ರ ಬಳಕೆಯಾಯಿತು. ಸಂರಚನೆಯ ಕೆಲಸವನ್ನು ಎಂಜಿನಿಯರ್‌ಗಳು ಪ್ರತಿ ಸಾಧನಕ್ಕೂ ಲಾಗಿನ್ ಆಗಿ ಆದೇಶಗಳನ್ನು ಟೈಪ್ ಮಾಡಿಯೇ ನಡೆಸುತ್ತಿದ್ದರು. 2002ರಲ್ಲಿ ಅಂತರಜಾಲ ವಾಸ್ತುಶಿಲ್ಪ ಮಂಡಳಿಯು ಜಾಲ ನಿರ್ವಾಹಕರನ್ನೂ ಪ್ರೋಟೋಕಾಲ್ ರಚನಕಾರರನ್ನೂ ಒಂದೆಡೆ ಸೇರಿಸಿ ಈ ಕೊರತೆಯನ್ನು ಚರ್ಚಿಸಿತು. ನಂತರ 2006ರಲ್ಲಿ ನೆಟ್‌ಕಾನ್ಫ್ ಎಂಬ ಪ್ರೋಟೋಕಾಲ್ ಮತ್ತು 2010ರಲ್ಲಿ ಯಾಂಗ್ ಎಂಬ ವಿವರಣಾ ಭಾಷೆ ಪ್ರಕಟವಾದವು. ಇವುಗಳಲ್ಲಿ ಹಲವು ಬದಲಾವಣೆಗಳನ್ನು ಒಂದೇ ಗುಂಪಾಗಿ ಪರೀಕ್ಷಿಸಿ, ಎಲ್ಲವನ್ನೂ ಒಟ್ಟಿಗೆ ಜಾರಿಗೊಳಿಸುವ ಇಲ್ಲವೇ ಎಲ್ಲವನ್ನೂ ಕೈಬಿಡುವ ಅವಕಾಶವಿದೆ.

ಒಂದು ಆದೇಶವನ್ನು ಕ್ಷಣದಲ್ಲಿ ಎಲ್ಲ ಸಾಧನಗಳಿಗೂ ಕಳುಹಿಸುವ ಸಾಮರ್ಥ್ಯ ಬಂದಂತೆ, ಒಂದು ತಪ್ಪು ಕ್ಷಣದಲ್ಲಿ ಎಲ್ಲೆಡೆ ಹರಡುವ ಸಾಧ್ಯತೆಯೂ ಬಂದಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್ ಮತ್ತು ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆಗಳ ಕಾಲ ಜಗತ್ತಿನಾದ್ಯಂತ ಸ್ಥಗಿತಗೊಂಡವು. ಸಂಸ್ಥೆ ನೀಡಿದ ವಿವರಣೆಯ ಪ್ರಕಾರ, ತನ್ನ ದತ್ತಾಂಶ ಕೇಂದ್ರಗಳನ್ನು ಜೋಡಿಸುವ ಬೆನ್ನೆಲುಬು ಜಾಲದ ಸಾಮರ್ಥ್ಯ ಎಷ್ಟಿದೆ ಎಂದು ಅಳೆಯಲು ಎಂದಿನ ನಿರ್ವಹಣಾ ಕೆಲಸದ ವೇಳೆ ನೀಡಿದ ಆದೇಶವು ಆ ಜಾಲದ ಎಲ್ಲ ಸಂಪರ್ಕಗಳನ್ನೂ ಕಡಿದುಹಾಕಿತು. ಅಂತಹ ಆದೇಶಗಳನ್ನು ತಡೆಯಬೇಕಾಗಿದ್ದ ಪರಿಶೀಲನಾ ತಂತ್ರಾಂಶದಲ್ಲಿಯೂ ದೋಷವಿತ್ತು. ದತ್ತಾಂಶ ಕೇಂದ್ರಗಳು ಸಿಗದಾದಾಗ ಸಂಸ್ಥೆಯ ಡಿಎನ್‌ಎಸ್ ಸರ್ವರ್‌ಗಳು ತಮ್ಮನ್ನು ತಲುಪುವ ಮಾರ್ಗಗಳ ಘೋಷಣೆಯನ್ನು ಹಿಂಪಡೆದವು. ಹೊರಜಗತ್ತಿಗೆ ಆ ಹೆಸರುಗಳ ವಿಳಾಸವೇ ಸಿಗದಾಯಿತು. ದೋಷವನ್ನು ಸರಿಪಡಿಸಲು ಎಂಜಿನಿಯರ್‌ಗಳು ಬಳಸುವ ಆಂತರಿಕ ಸಾಧನಗಳೂ ಅದೇ ಡಿಎನ್‌ಎಸ್ ಮೇಲೆ ಅವಲಂಬಿತವಾಗಿದ್ದು, ಅವೂ ಕೆಲಸ ಮಾಡಲಿಲ್ಲ. ತುರ್ತು ಬಳಕೆಗೆಂದು ಇದ್ದ ಪ್ರತ್ಯೇಕ ಮಾರ್ಗವೂ ಲಭ್ಯವಾಗಲಿಲ್ಲ. ಕೊನೆಗೆ ಎಂಜಿನಿಯರ್‌ಗಳನ್ನು ದತ್ತಾಂಶ ಕೇಂದ್ರಗಳಿಗೇ ಕಳುಹಿಸಬೇಕಾಯಿತು. ಅಲ್ಲಿನ ಬಿಗಿ ಭದ್ರತೆಯನ್ನು ದಾಟಿ ಸಾಧನಗಳನ್ನು ತಲುಪಲು ಮತ್ತಷ್ಟು ಸಮಯ ಹಿಡಿಯಿತು.

ಪ್ರತ್ಯೇಕ ನಿರ್ವಹಣಾ ಮಾರ್ಗ

1980ರ ಮತ್ತು 2021ರ ಘಟನೆಗಳ ನಡುವೆ ನಾಲ್ಕು ದಶಕಗಳ ಅಂತರವಿದ್ದರೂ ಎರಡರಲ್ಲಿಯೂ ಜಾಲವನ್ನು ನೋಡಿಕೊಳ್ಳುವ ವ್ಯವಸ್ಥೆ ಜಾಲದಿಂದ ಬೇರೆಯಾಗಿರಲಿಲ್ಲ. ಈ ಅಪಾಯವನ್ನು ತಗ್ಗಿಸಲು ಸಂಸ್ಥೆಗಳು ನಿರ್ವಹಣೆಗೆಂದೇ ಬೇರೊಂದು ಮಾರ್ಗವನ್ನು ಇರಿಸಿಕೊಳ್ಳುತ್ತವೆ. ಸಾಧನದ ಕನ್ಸೋಲ್ ಪೋರ್ಟನ್ನು ಮೊಬೈಲ್ ಜಾಲದ ಮೋಡೆಮ್‌ಗೆ ಜೋಡಿಸುವುದು ಇದರ ಸರಳ ರೂಪ. ಮುಖ್ಯ ಮಾರ್ಗ ಕಡಿದರೂ ಎಂಜಿನಿಯರ್ ಈ ಹಿಂಬಾಗಿಲಿನ ಮೂಲಕ ರೌಟರನ್ನು ತಲುಪಬಹುದು.

ಇಂತಹ ಮಾರ್ಗವು ನಿಜವಾಗಿ ಸ್ವತಂತ್ರವಾಗಿರಬೇಕಾದರೆ ಅದರ ವಿದ್ಯುತ್ ಮೂಲ, ಡಿಎನ್‌ಎಸ್, ಲಾಗಿನ್ ಪರಿಶೀಲನೆ ಮತ್ತು ಸಾಧ್ಯವಾದರೆ ಸೇವಾದಾತ ಸಂಸ್ಥೆ ಇವೆಲ್ಲವೂ ಬೇರೆಯಾಗಿರಬೇಕು. ಎರಡು ಸಂಸ್ಥೆಗಳಿಂದ ಪಡೆದ ಮಾರ್ಗಗಳು ಒಂದೇ ರಸ್ತೆಯ ಪಕ್ಕದ ಒಂದೇ ಕಾಲುವೆಯಲ್ಲಿ ಹೂತಿದ್ದರೆ, ರಸ್ತೆ ಅಗೆಯುವ ಯಂತ್ರವೊಂದು ಎರಡನ್ನೂ ಒಟ್ಟಿಗೆ ಕಡಿಯುತ್ತದೆ. ಮೇಲ್ವಿಚಾರಣಾ ಸರ್ವರ್ ನಿಂತುಹೋದರೆ ಅದನ್ನು ತಿಳಿಸಲು ಹೊರಗಿನಿಂದ ಗಮನಿಸುವ ಮತ್ತೊಂದು ವ್ಯವಸ್ಥೆಯೂ ಬೇಕು. ಎಚ್ಚರಿಕೆ ಸಂದೇಶ ಬರಲಿಲ್ಲ ಎಂಬುದು ಎಲ್ಲವೂ ಸರಿಯಿದೆ ಎಂಬುದಕ್ಕೆ ಪುರಾವೆಯಲ್ಲ. ತುರ್ತು ಮಾರ್ಗವನ್ನು ಆಗಾಗ ಬಳಸಿ ಪರೀಕ್ಷಿಸದಿದ್ದರೆ ಬೇಕಾದ ದಿನವೇ ಅದು ಕೈಕೊಡಬಹುದು.

ಭದ್ರತೆ

ಎಲ್ಲ ಸಾಧನಗಳನ್ನೂ ನೋಡಬಲ್ಲ, ಬದಲಿಸಬಲ್ಲ ವ್ಯವಸ್ಥೆ ದಾಳಿಕೋರರಿಗೂ ಆಕರ್ಷಕ ಗುರಿ. ಎಸ್‌ಎನ್‌ಎಂಪಿಯ ಮೊದಲ ಆವೃತ್ತಿಯಲ್ಲಿ ಗುಪ್ತಪದವು ಯಾವ ಮರೆಮಾಚುವಿಕೆಯೂ ಇಲ್ಲದೆ ಜಾಲದಲ್ಲಿ ಸಾಗುತ್ತಿತ್ತು. ಅನೇಕ ಸಾಧನಗಳಲ್ಲಿ ಅದು ‘ಪಬ್ಲಿಕ್’ ಎಂಬ ಪದವೇ ಆಗಿದ್ದು, ಹಲವು ಸಂಸ್ಥೆಗಳು ಅದನ್ನು ಬದಲಿಸದೆ ಬಿಡುತ್ತಿದ್ದವು. ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದ ಸಂಶೋಧಕರು ಅನೇಕ ತಯಾರಕರ ಎಸ್‌ಎನ್‌ಎಂಪಿ ತಂತ್ರಾಂಶಗಳಲ್ಲಿ ಪತ್ತೆಹಚ್ಚಿದ ದೋಷಗಳು 2002ರ ಫೆಬ್ರವರಿಯಲ್ಲಿ ಪ್ರಕಟವಾದವು. ಗೂಢಲಿಪೀಕರಣ ಮತ್ತು ಗುರುತಿನ ಪರಿಶೀಲನೆಯನ್ನು ಒಳಗೊಂಡ ಮೂರನೆಯ ಆವೃತ್ತಿಯನ್ನು ಅದೇ ವರ್ಷದ ಡಿಸೆಂಬರ್‌ನಲ್ಲಿ ಪೂರ್ಣ ಮಾನಕವಾಗಿ ಪ್ರಕಟಿಸಲಾಯಿತು.

2020ರ ಡಿಸೆಂಬರ್‌ನಲ್ಲಿ ಬೆಳಕಿಗೆ ಬಂದ ಸೋಲಾರ್‌ವಿಂಡ್ಸ್ ಪ್ರಕರಣ ಈ ಅಪಾಯದ ಇನ್ನೊಂದು ಮುಖವನ್ನು ತೋರಿಸಿತು. ಆ ಸಂಸ್ಥೆಯ ಒರಿಯನ್ ಎಂಬ ಜಾಲ ಮೇಲ್ವಿಚಾರಣಾ ತಂತ್ರಾಂಶದ ಅಧಿಕೃತ ಪರಿಷ್ಕರಣೆಯೊಳಗೆ ದಾಳಿಕೋರರು ತಮ್ಮ ಸಂಕೇತಗಳನ್ನು ಸೇರಿಸಿದ್ದರು. ಸುಮಾರು 18,000 ಗ್ರಾಹಕರು ಅದನ್ನು ಪಡೆದಿರಬಹುದೆಂದು ಸಂಸ್ಥೆ ತಿಳಿಸಿತು. ಅವರಲ್ಲಿ ಅಮೆರಿಕ ಸರ್ಕಾರದ ಇಲಾಖೆಗಳೂ ಇದ್ದವು. ಮೇಲ್ವಿಚಾರಣಾ ಸರ್ವರ್‌ಗೆ ಅಗತ್ಯವಿರುವಷ್ಟು ಅಧಿಕಾರ ಮಾತ್ರ ನೀಡುವುದು, ಓದುವ ಮತ್ತು ಬದಲಿಸುವ ಖಾತೆಗಳನ್ನು ಬೇರ್ಪಡಿಸುವುದು, ಅದು ಹೊರಗೆ ಯಾರನ್ನು ಸಂಪರ್ಕಿಸುತ್ತಿದೆ ಎಂಬುದನ್ನು ಗಮನಿಸುವುದು ಇಂತಹ ದಾಳಿಗಳ ಪರಿಣಾಮವನ್ನು ತಗ್ಗಿಸುವ ಕ್ರಮಗಳು.

ಭಾರತದಲ್ಲಿ ನಿಯಮಗಳು

ಭಾರತದ ಕಂಪ್ಯೂಟರ್ ತುರ್ತು ಪ್ರತಿಕ್ರಿಯಾ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ ಅಡಿಯಲ್ಲಿ ನಿರ್ದೇಶನಗಳನ್ನು ಹೊರಡಿಸಿತು. ಅವುಗಳ ಪ್ರಕಾರ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನಗಳ ಕಾಲ ಸುರಕ್ಷಿತವಾಗಿ ಇಡಬೇಕು ಮತ್ತು ನಿರ್ದಿಷ್ಟ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗಳಿಗೆ ಸರಿಹೊಂದಿಸಬೇಕು. ಗಡಿಯಾರದ ನಿಯಮ ಚಿಕ್ಕದಾಗಿ ಕಂಡರೂ ಅದಕ್ಕೆ ಬಲವಾದ ಕಾರಣವಿದೆ. ರೌಟರ್, ಫೈರ್‌ವಾಲ್ ಮತ್ತು ಸರ್ವರ್‌ಗಳ ಗಡಿಯಾರಗಳು ಕೆಲವು ನಿಮಿಷಗಳಷ್ಟು ಬೇರೆಯಾಗಿದ್ದರೆ ಯಾವ ಘಟನೆ ಮೊದಲು ನಡೆಯಿತು, ಯಾವುದು ಅದರ ಪರಿಣಾಮ ಎಂಬುದನ್ನು ಲಾಗ್‌ಗಳಿಂದ ನಿರ್ಧರಿಸಲಾಗುವುದಿಲ್ಲ.

ಹರಿವಿನ ದಾಖಲೆಗಳಿಂದ ಯಾವ ಉದ್ಯೋಗಿ ಯಾವ ಹೊತ್ತಿನಲ್ಲಿ ಯಾವ ತಾಣವನ್ನು ಸಂಪರ್ಕಿಸಿದರು ಎಂಬುದೂ ತಿಳಿಯಬಹುದು. ಆದ್ದರಿಂದ ಖಾಸಗಿತನದ ಪ್ರಶ್ನೆಯೂ ಇಲ್ಲಿ ಎದುರಾಗುತ್ತದೆ. ಭಾರತದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಅಂಗೀಕಾರವಾಗಿದೆ. ಏನನ್ನು ದಾಖಲಿಸಲಾಗುತ್ತಿದೆ, ಎಷ್ಟು ಕಾಲ ಇಡಲಾಗುತ್ತದೆ, ಯಾರು ನೋಡಬಹುದು ಎಂಬುದನ್ನು ಸಂಸ್ಥೆ ಲಿಖಿತವಾಗಿ ನಿರ್ಧರಿಸಿ ಉದ್ಯೋಗಿಗಳಿಗೆ ತಿಳಿಸುವುದು ಉತ್ತಮ ಪದ್ಧತಿ.

ಮಿತಿಗಳು

ಹೆಚ್ಚಿನ ದತ್ತಾಂಶ ಇಂದು ಗೂಢಲಿಪಿಯಲ್ಲಿ ಸಾಗುವುದರಿಂದ ಪ್ಯಾಕೆಟ್‌ಗಳನ್ನು ಬಿಡಿಸಿ ನೋಡಿ ದೋಷ ಹುಡುಕುವುದು ಮೊದಲಿನಷ್ಟು ಸುಲಭವಲ್ಲ. ಸರ್ವರ್‌ಗಳು ಕ್ಲೌಡ್ ಸೇವೆಗಳಿಗೆ ಸ್ಥಳಾಂತರಗೊಂಡಂತೆ, ಸಂಸ್ಥೆಯು ತನ್ನದಲ್ಲದ ಜಾಲಗಳ ಮೇಲೆಯೂ ಅವಲಂಬಿತವಾಗಿದೆ. ಅಲ್ಲಿನ ರೌಟರ್‌ಗಳನ್ನು ಪ್ರಶ್ನಿಸುವ ಅಧಿಕಾರ ಅದಕ್ಕಿಲ್ಲ. ಅಸಹಜತೆಗಳನ್ನು ಗುರುತಿಸಲು ಯಂತ್ರಕಲಿಕೆಯನ್ನು ಬಳಸುವ ತಂತ್ರಾಂಶಗಳು ಬಂದಿವೆ. ಆದರೆ ಹಬ್ಬದ ಮುನ್ನಾದಿನ ವಹಿವಾಟು ಹೆಚ್ಚಾಗುವುದು ಸಹಜವೋ ಅಸಹಜವೋ ಎಂಬುದನ್ನು ನಿರ್ಧರಿಸಲು ಆ ಸಂಸ್ಥೆಯ ಕೆಲಸವನ್ನು ಬಲ್ಲವರು ಈಗಲೂ ಬೇಕು. ಸಾಧನಗಳ ಪಟ್ಟಿ, ಸಂಪರ್ಕಗಳ ನಕ್ಷೆ, ಬದಲಾವಣೆಗಳ ದಾಖಲೆ ಮತ್ತು ತುರ್ತು ದೂರವಾಣಿ ಸಂಖ್ಯೆಗಳನ್ನು ಜಾಲದೊಳಗಿನ ಸರ್ವರ್‌ನಲ್ಲಿ ಮಾತ್ರ ಇಟ್ಟರೆ ಜಾಲ ನಿಂತ ದಿನ ಅವೂ ಸಿಗುವುದಿಲ್ಲ. ಇದೇ ಕಾರಣಕ್ಕೆ ಅವುಗಳ ಮುದ್ರಿತ ಪ್ರತಿಯೊಂದನ್ನು ಕಚೇರಿಯಲ್ಲಿ ಇಟ್ಟುಕೊಂಡು ಕಾಲಕಾಲಕ್ಕೆ ಪರಿಷ್ಕರಿಸುವುದು ಇಂದಿಗೂ ಉಪಯುಕ್ತವಾದ ಕ್ರಮವಾಗಿದೆ.